ಪತ್ರಿಕೆ ಅಕ್ಕನ ತೆಳು ಲ್ಯಾಪ್‌ಟಾಪ್

ಪತ್ರಿಕೆ ಅಕ್ಕನ ಬಲಗೆನ್ನೆಯ ಮೇಲೆ ಯಾವಾಗಲೂ ಚಿನ್ನದ ಬಣ್ಣದ ಪುಡಿ ಒಂದಿಷ್ಟು ಹೊಳೆಯುತ್ತಿತ್ತು. ಲಗ್ನಪತ್ರಿಕೆಗಳ ಅಂಚಿನ ಬಣ್ಣ ಬೆರಳಿಗೆ ಹತ್ತುತ್ತಿತ್ತು. ಮಾತಾಡುವಾಗ ಕೆನ್ನೆ ಉಜ್ಜಿಕೊಳ್ಳುವ ಅಭ್ಯಾಸ ಅವರಿಗಿದ್ದದ್ದರಿಂದ ಬೆರಳಿನಿಂದ ಕೆನ್ನೆಗೆ ಏರುತ್ತಿತ್ತು. ಬಸ್ಸಿನ ಕಿಟಕಿಯಿಂದ ಬಿಸಿಲು ಬಿದ್ದರೆ ಎದುರಿನವರು ಅದನ್ನೇ ನೋಡುವರು. ನಾನು ನರ್ಸು, ಮುಖ ಕೈ ಶುಚಿಯಾಗಿರಬೇಕು ಎನ್ನುವವಳು. ಒರೆಸಿಕೊಳ್ಳಿ ಎಂದು ಹೇಳಿದಾಗಲೆಲ್ಲ, “ಇರ್ಲಿ ಬಿಡಿ ಸಿಸ್ಟರ್, ನಂಗೆ ಬೇರೆ ಬಂಗಾರ ಎಲ್ಲಿದೆ?” ಎಂದು ನಗುತ್ತಿದ್ದರು.

ಶಿವಮೊಗ್ಗದ ಗಾಂಧಿ ಬಜಾರಿನ ಒಂದು ಓಣಿಯಲ್ಲಿ ಅವರ ಅಣ್ಣನ ಸಣ್ಣ ಪ್ರೆಸ್ ಇತ್ತು. ಗಂಡ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಇವರು ಅಲ್ಲಿಗೆ ಬಂದು ಸೇರಿದ್ದರು. ಅಣ್ಣ ಅಚ್ಚು ಹಾಕುವರು, ಇವರು ಮದುವೆ ಮನೆಗಳಿಗೆ ಹೋಗಿ ಮಾದರಿ ತೋರಿಸಿ, ಒಕ್ಕಣೆ ಬರೆದುಕೊಂಡು ಬರುವರು. ಊರಿಗೆಲ್ಲ ಪತ್ರಿಕೆ ಅಕ್ಕ. ನಾನೂ ಹಾಗೇ ಕರೆಯುತ್ತಿದ್ದೆ.

ನಮ್ಮ ಪರಿಚಯ ಜಗಳದಿಂದಲೇ ಆಯಿತು. ತೊಂಬತ್ತರ ದಶಕ. ಭದ್ರಾವತಿಯ ಆಸ್ಪತ್ರೆಯೊಂದರ ಗಂಡಸರ ವಾರ್ಡು ನನ್ನ ಕೈಯಲ್ಲಿತ್ತು. ಮಧ್ಯಾಹ್ನದ ಔಷಧಿ ಕೊಡುವ ಹೊತ್ತಿನಲ್ಲಿ ಎರಡು ಹೆಗಲಿಗೂ ದಪ್ಪ ದಪ್ಪ ಆಲ್ಬಮ್‌ಗಳ ಚೀಲ ಹಾಕಿಕೊಂಡು ಒಬ್ಬ ಹೆಂಗಸು ಒಳಗೆ ನುಗ್ಗಿದರು.

“ಈಗ ಯಾರನ್ನೂ ಬಿಡೋಲ್ಲ. ಸಂಜೆ ಬನ್ನಿ,” ಎಂದೆ.

“ಮೂಲೆ ಮಂಚದವರ ಮಗಳ ಮದುವೆ ಸಿಸ್ಟರ್. ಪತ್ರಿಕೆ ಓದಿ ಹೇಳ್ಬೇಕು.”

“ಅವರ ಮಗ ಓದಿಲ್ವಾ?”

“ಮಗ ಓದಿದ್ರು. ಅಪ್ಪ ಕೇಳಿಲ್ವಲ್ಲ!”

ನಾನು ಬಿಡಲಿಲ್ಲ. ಅವರು ಹೋಗಲೂ ಇಲ್ಲ. ಹೊರಗಿನ ಬೆಂಚಿನ ಮೇಲೆ ಸಂಜೆಯವರೆಗೆ ಕೂತು, ಬಾಗಿಲು ತೆಗೆದ ಕೂಡಲೇ ಬಂದು ಆ ರೋಗಿಯ ಪಕ್ಕ ನಿಂತು, ಕುಲದೇವರ ಹೆಸರಿನಿಂದ ಹಿಡಿದು ಕಟ್ಟಕಡೆಯ ನೆಂಟನವರೆಗೆ ಗಟ್ಟಿಯಾಗಿ ಓದಿದರು. ಆಮ್ಲಜನಕದ ಕೊಳವೆ ಹಾಕಿಕೊಂಡಿದ್ದ ಆ ಮನುಷ್ಯ ಕೈ ಎತ್ತಿ ಓದು ನಿಲ್ಲಿಸಿದರು. ಅವರ ಸತ್ತ ತಮ್ಮನ ಹೆಂಡತಿಯ ಹೆಸರು ಬಿಟ್ಟುಹೋಗಿತ್ತು. ಸೇರಿಸಿದರು. ಮಾರನೆಯ ದಿನದಿಂದ ಪತ್ರಿಕೆ ಅಕ್ಕ ಬಂದರೆ ನಾನು ಬೆಂಚಿಗೆ ಕಳಿಸುತ್ತಿರಲಿಲ್ಲ, ನನ್ನ ಕುರ್ಚಿಯ ಪಕ್ಕದ ಸ್ಟೂಲಿಗೆ ಕಳಿಸುತ್ತಿದ್ದೆ. ಹೊತ್ತಿನ ನಿಯಮ ಮಾತ್ರ ಸಡಿಲಿಸಲಿಲ್ಲ.

ಅವರ ಕೆಲಸದ ಕ್ರಮ ನನ್ನ ಕ್ರಮದಷ್ಟೇ ಗಟ್ಟಿ. ಮನೆಯ ಹಿರಿಯ ಜೀವ ಯಾರೋ ಅವರ ಎದುರು ಹೆಸರುಗಳನ್ನು ಓದಿ ಹೇಳದೆ ಅಚ್ಚಿಗೆ ಕೊಡುತ್ತಿರಲಿಲ್ಲ. ಅವರು ಅಡುಗೆಮನೆಯಲ್ಲಿರಲಿ, ಹಾಸಿಗೆಯಲ್ಲಿರಲಿ, ಅಲ್ಲಿಗೇ ಹೋಗಿ ಓದುವುದು. “ಕಣ್ಣು ಹಾರಿಸಿಬಿಡತ್ತೆ ಸಿಸ್ಟರ್, ಕಿವಿ ಹಾರಿಸಲ್ಲ,” ಎನ್ನುತ್ತಿದ್ದರು. ಹೆಸರಿನ ಹಿಂದುಮುಂದಿಗೆ ಮಾತು ಬಿಟ್ಟ ಅಣ್ಣತಮ್ಮಂದಿರನ್ನು ಅವರು ಎಷ್ಟೋ ನೋಡಿದ್ದರು. ದೊಡ್ಡಪ್ಪನ ಹೆಸರು ಕೆಳಗಾಯಿತೆಂದು ಯಾರಾದರೂ ಕೂಗಾಡಿದರೆ, “ಆಯ್ತು, ಮೇಲೆ ಹಾಕ್ತೀನಿ. ಊಟದ ಪಂಕ್ತೀಲೂ ಮೊದ್ಲು ಅವ್ರೇ ಬಡಿಸ್ಲಿ,” ಎಂದು ಗಂಭೀರವಾಗಿ ಹೇಳಿ ಎಲ್ಲರನ್ನೂ ನಗಿಸಿಬಿಡುವರು. ಆದರೆ ಒಂದು ತಿದ್ದುಪಡಿಗೆಂದು ಶಿವಮೊಗ್ಗಕ್ಕೆ ಹೋಗಿ ಹೊಸ ಪ್ರೂಫ್ ತೆಗೆಸಿ ಮತ್ತೆ ಭದ್ರಾವತಿಗೆ ಬರಬೇಕಿತ್ತು. ಹೀಗೆ ಬಸ್ಸಿನಲ್ಲೇ ಅವರ ಅರ್ಧ ಆಯುಷ್ಯ ಕಳೆಯಿತು.

ಎರಡು ಸಾವಿರದ ದಶಕ ಮುಗಿಯುತ್ತ ಬಂದಾಗ ಅವರ ಎಡ ಎದೆಯಲ್ಲಿ ಗೆಡ್ಡೆ ಕಾಣಿಸಿತು. ಆಪರೇಷನ್ ಆಯಿತು. ಕಂಕುಳಿನ ಗಂಟುಗಳನ್ನೂ ತೆಗೆದರು. ಗಾಯ ಮಾಯ್ದ ಮೇಲೆ ಡಾಕ್ಟರು ಹೇಳಿದ ಮಾತನ್ನು ಅವರಿಗೆ ನಾನು ಮತ್ತೆ ಮತ್ತೆ ಹೇಳಬೇಕಾಯಿತು: ಎಡಗೈಗೆ ಭಾರ ಕೂಡದು, ಕೊಟ್ಟರೆ ಆ ಕೈ ಊದಿಕೊಳ್ಳುತ್ತದೆ, ಊದಿದ್ದು ಸುಲಭವಾಗಿ ಇಳಿಯುವುದಿಲ್ಲ. ಉಳಿದದ್ದು ಬಲಗೈ ಒಂದೇ. ಬಸ್ಸಿನಲ್ಲಿ ಕಂಬಿ ಹಿಡಿಯುವುದಕ್ಕೂ ಅದೇ ಕೈ ಬೇಕು.

ಅವರ ಅಣ್ಣ ಒಳ್ಳೆಯವರು. “ಇನ್ನು ನೀನು ಪ್ರೆಸ್ ಬಿಟ್ಟು ಕದಲ್ಬೇಡ. ಫ್ಯಾನ್ ಕೆಳಗೆ ಕೂತು ಕಂಪ್ಯೂಟರಲ್ಲಿ ಕಂಪೋಸ್ ಮಾಡು. ಜನ ಬೇಕಾದ್ರೆ ಇಲ್ಲಿಗೇ ಬರ್ಲಿ,” ಎಂದರು.

“ಹಾಸಿಗೆ ಹಿಡ್ದೋರು ಬರ್ತಾರಾ ಅಣ್ಣ? ಮನೆಗೆ ಹೋಗದಿದ್ರೆ ನಾನು ಬರೀ ಟೈಪಿಸ್ಟು,” ಎಂದು ಪತ್ರಿಕೆ ಅಕ್ಕ ಊಟ ಬಿಟ್ಟು ಎದ್ದರಂತೆ. ಆಲ್ಬಮ್‌ಗಳ ಬದಲು ಒಂದು ಲ್ಯಾಪ್‌ಟಾಪ್ ಇದ್ದರೆ ಮಾದರಿ ತೋರಿಸುವುದು, ಒಕ್ಕಣೆ ಕೂರಿಸುವುದು, ತಿದ್ದುವುದು ಎಲ್ಲವೂ ಆ ಮನೆಯಲ್ಲೇ ಮುಗಿಯುತ್ತದೆ ಎಂಬುದು ಅವರ ಲೆಕ್ಕ. ಅದನ್ನು ಕೊಳ್ಳಲು ಅಂಗಡಿಗೆ ಹೋಗುವ ದಿನ ನನ್ನನ್ನೂ ಕರೆದರು. ನಾನು ದುಂದಿಗೆ ವಿರೋಧಿ ಎಂದು ಅಣ್ಣನೂ ನನ್ನ ಮೇಲೆ ಭರವಸೆ ಇಟ್ಟುಕೊಂಡಿದ್ದರು.

ಅಂಗಡಿಯವ ಎರಡನ್ನು ತಂದಿಟ್ಟ. ಒಂದು ಕಪ್ಪಗೆ, ದಪ್ಪಗೆ, ಸಿ.ಡಿ. ಹಾಕುವ ಬಾಯಿಯೂ ಇದ್ದದ್ದು. ಇನ್ನೊಂದು ಬೆಳ್ಳಿ ಬಣ್ಣದ ತೆಳು ಲ್ಯಾಪ್‌ಟಾಪ್. ತೆಳ್ಳಗಿನದಕ್ಕೆ ಬೆಲೆ ಹತ್ತಿರ ಹತ್ತಿರ ಎರಡರಷ್ಟು.

“ಇದಕ್ಕೆ ಸಿ.ಡಿ. ಎಲ್ಲಿ ಹಾಕೋದು?” ಅಣ್ಣ ಕೇಳಿದರು.

“ಆ ಜಾಗ ತೆಗ್ದಿದ್ದಾರೆ ಸಾರ್, ತೂಕ ಕಡಿಮೆ ಆಗ್ಲಿ ಅಂತ.”

“ಇರೋದನ್ನೂ ತೆಗೆದು ರೇಟು ಏರ್ಸಿದ್ದಾರಾ? ಇದೆಂಥ ವ್ಯಾಪಾರ ಮಾರಾಯ! ಅಡಿಕೆ ಮಂಡೀಲಿ ತೂಕ ಹೆಚ್ಚಿದ್ರೆ ದುಡ್ಡು ಹೆಚ್ಚು. ನಿಂದು ಪೂರಾ ಉಲ್ಟಾ.”

“ಅಣ್ಣ, ದುಡ್ಡು ಕೊಡೋನು ನೀನು, ಹೊರೋಳು ನಾನು.”

“ಹೊರೋದೇ ಬೇಡ ಅಂತ ತಾನೇ ನಾನು ಬಡ್ಕೊಳ್ತಿರೋದು!”

ಇಬ್ಬರೂ ನನ್ನ ಕಡೆ ತಿರುಗಿದರು. ಬಾಯಿಮಾತಿನಲ್ಲಿ ತೀರ್ಮಾನಿಸುವುದು ನನ್ನ ಪದ್ಧತಿಯಲ್ಲ. ದಪ್ಪನೆಯದನ್ನು ಚೀಲಕ್ಕೆ ಹಾಕಿ ಅಕ್ಕನ ಬಲಹೆಗಲಿಗೆ ತಗುಲಿಸಿದೆ. ಅಂಗಡಿಯ ಅರ್ಧ ಎಳೆದಿದ್ದ ರೋಲಿಂಗ್ ಷಟರಿನ ಅಂಚನ್ನು ಬಸ್ಸಿನ ಕಂಬಿಯೆಂದು ತಿಳಿದು ಅದೇ ಕೈಯಲ್ಲಿ ಹಿಡಿಯಲು ಹೇಳಿ, ಸುಮ್ಮನೆ ಮಾತಿಗೆಳೆದೆ. ಸ್ವಲ್ಪ ಹೊತ್ತಿಗೆ ಚೀಲ ಮೊಣಕೈಗೆ ಜಾರಿತು, ಮೈ ಒಂದು ಕಡೆ ವಾಲಿತು, ಅವರಿಗೇ ಗೊತ್ತಿಲ್ಲದೆ ಎಡಗೈ ಮೇಲೆದ್ದು ಚೀಲದ ಅಡಿಗೆ ಹೋಯಿತು. ಆ ಕೈಯನ್ನು ನಾನು ಹಿಡಿದು ಕೆಳಗಿಳಿಸಿದೆ. ಆಮೇಲೆ ತೆಳ್ಳಗಿನದನ್ನು ಹಾಕಿಸಿ ಮತ್ತೆ ನಿಲ್ಲಿಸಿದೆ. ಈ ಸಲ ಅವರು ಯಾರದೋ ಮದುವೆಯ ಕಥೆಯನ್ನು ಪೂರ್ತಿ ಹೇಳಿ ಮುಗಿಸಿದರು. ಎಡಗೈ ಸೆರಗಿನ ಪಕ್ಕ ಸುಮ್ಮನೆ ಇತ್ತು.

“ಇದೇ ಇರ್ಲಿ,” ಎಂದೆ.

“ನೀವೂ ಅವಳ ಕಡೆನೇ!” ಎಂದು ಗೊಣಗುತ್ತ ಅಣ್ಣ ದುಡ್ಡು ಕಟ್ಟಿದರು.

ಅದು ಬಂದು ಹೆಚ್ಚು ದಿನವಾಗಿರಲಿಲ್ಲ. ಕೋಟೆ ಹತ್ತಿರದ ಒಂದು ಮನೆಯಲ್ಲಿ ಸೊಂಟದ ಮೂಳೆ ಮುರಿದು ಮಲಗಿದ್ದ ಅಜ್ಜಿಗೆ ಭಾನುವಾರ ನಾನು ಡ್ರೆಸಿಂಗ್ ಮಾಡಲು ಹೋಗುತ್ತಿದ್ದೆ. ಆ ಮನೆಯ ಮೊಮ್ಮಗನ ಪತ್ರಿಕೆಗೆಂದು ಪತ್ರಿಕೆ ಅಕ್ಕನೂ ಬಂದರು. ಹಜಾರದಲ್ಲಿ ಗಂಡಸರ ಜೊತೆ ಒಕ್ಕಣೆ ಮುಗಿಸಿ, ಲ್ಯಾಪ್‌ಟಾಪನ್ನು ಬಿಚ್ಚಿಕೊಂಡೇ ಕೋಣೆಗೆ ಬಂದು, ದಿಂಬಿಗೆ ಒರಗಿಸಿ ಕೂರಿಸಿದ್ದ ಅಜ್ಜಿಯ ತೊಡೆಯ ಮೇಲೆ ಮೆಲ್ಲಗೆ ಇಟ್ಟರು. ನಾನು ತಡೆಯಲು ಕೈ ಚಾಚಿದೆ. ಅಜ್ಜಿ ನರಳಲಿಲ್ಲ.

“ಇದೇನೇ ಇದು, ತಟ್ಟೆನಾ?”

“ಪತ್ರಿಕೆ ಅಜ್ಜಿ. ನಿಮ್ಮ ಮೊಮ್ಮಗಂದು.”

“ಇಷ್ಟು ದೊಡ್ಡದು ಮಾಡ್ಸಿದ್ದಾರಾ! ಇವ್ರಿಗೆ ದುಡ್ಡು ಜಾಸ್ತಿ ಆಗಿದೆ ಮಾರಾಯ್ತಿ.”

ಅಕ್ಕ ಅಕ್ಷರಗಳನ್ನು ದೊಡ್ಡದು ಮಾಡಿ ಓದತೊಡಗಿದರು. ತೀರಿಹೋದ ಗಂಡನ ಹೆಸರಿನ ಪಕ್ಕದಲ್ಲಿ ತನ್ನ ಹೆಸರು ಬಂದಾಗ ಅಜ್ಜಿ, “ಇನ್ನೊಂದ್ಸಲ ಓದು,” ಎಂದರು. ಇನ್ನೊಂದು ಸಲ ಓದಿದರು. ತೆರೆಯ ಮೇಲಿನ ಹೆಸರನ್ನು ಬೆರಳಿನಿಂದ ಮುಟ್ಟಿ ನೋಡಿ, “ಅರಿಶಿನದ ಬಟ್ಲು ತಾರೇ,” ಎಂದು ಸೊಸೆಯನ್ನು ಕೂಗಿದರು. ಸೊಸೆ ಯಾಕೆಂದು ಕೇಳದೆ ತಂದುಕೊಟ್ಟರು. ಪತ್ರಿಕೆ ಮನೆಗೆ ಬಂದರೆ ಮೊದಲು ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಬೇಕಲ್ಲ. ಅಜ್ಜಿ ಬೆರಳದ್ದಿ ಆ ಹೊಸ ಯಂತ್ರದ ಮೂಲೆ ಮೂಲೆಗೆ ಹಚ್ಚಿಯೇಬಿಟ್ಟರು.

“ಅಯ್ಯೋ ಅತ್ತೇ! ಅದು ಲ್ಯಾಪ್‌ಟಾಪು!” ಸೊಸೆ ಕಿರುಚಿದರು. ನಾನು ಸ್ಪಿರಿಟ್ ಹತ್ತಿ ತೆಗೆದುಕೊಂಡು ಮುಂದೆ ಬಂದೆ. ಪತ್ರಿಕೆ ಅಕ್ಕ ನನ್ನ ಕೈ ತಡೆದರು.

“ಹಚ್ಲಿ ಬಿಡಿ ಸಿಸ್ಟರ್. ಅಜ್ಜಿ ಪಾಲಿಗೆ ಪತ್ರಿಕೆ ಬಂತು, ಅಷ್ಟೇ.”

ಪತ್ರಿಕೆ ಅಕ್ಕ ಅಣ್ಣನಿಂದ ಚೆನ್ನಾಗಿ ಬೈಸಿಕೊಂಡರು. “ಅಷ್ಟು ದುಡ್ಡಿನ ಸಾಮಾನಿಗೆ ಅರಿಶಿನ ಬಳ್ಕೊಂಡು ಬಂದಿದ್ದೀಯಲ್ಲ, ಹೂವಾನೂ ಮುಡಿಸ್ಬೇಕಿತ್ತು!” ಅಕ್ಕ ನನಗೆ ಹೇಳಿದ್ದು ಇಷ್ಟು: “ಆ ದಪ್ಪದ್ದನ್ನ ಆ ಮುರಿದ ಸೊಂಟದ ಮೇಲೆ ಇಡೋಕೆ ಆಗ್ತಿತ್ತಾ ಸಿಸ್ಟರ್? ನಾನು ನನ್ನ ಹೆಗಲು ಒಂದನ್ನೇ ಯೋಚ್ನೆ ಮಾಡಿದ್ದೆ.”

ಕೆಲವು ವರ್ಷ ಕಳೆದ ಮೇಲೆ ಪತ್ರಿಕೆ ಅಕ್ಕನ ಕಾಯಿಲೆ ಮರಳಿ ಬಂತು. ಈ ಸಲ ಬೆನ್ನುಮೂಳೆಗೆ ಇಳಿದಿತ್ತು. ಅದೇ ವರ್ಷ ನನ್ನ ತಮ್ಮನ ಮಗಳ ಮದುವೆ ನಿಶ್ಚಯವಾಯಿತು. ನಾನು ಮದುವೆಯಾದವಳಲ್ಲ. ತಮ್ಮನ ಹೆಂಡತಿ ಬಹಳ ವರ್ಷ ಹಾಸಿಗೆಯಲ್ಲಿದ್ದದ್ದರಿಂದ ಆ ಮಗು ನನ್ನ ಕ್ವಾರ್ಟರ್ಸಿನಲ್ಲೇ ಬೆಳೆಯಿತು. ಬೆಳಿಗ್ಗೆ ನಿಗದಿತ ಹೊತ್ತಿಗೆ ಎಬ್ಬಿಸಿ, ಜಡೆ ಹೆಣೆದು ಶಾಲೆಗೆ ಕಳಿಸಿ ನಾನು ಡ್ಯೂಟಿಗೆ ಹೋಗುತ್ತಿದ್ದೆ. ಪತ್ರಿಕೆ ಅಕ್ಕನಿಗೆ ಬೇಡ, ಫೋನಿನಲ್ಲೇ ಬರೆಸುತ್ತೇವೆ ಎಂದು ಹೇಳಿಕಳಿಸಿದೆ. ಕೇಳಲಿಲ್ಲ. ಭದ್ರಾವತಿಯಲ್ಲಿ ಬಸ್ಸಿಳಿದು, ಬಲಹೆಗಲಿಗೆ ಲ್ಯಾಪ್‌ಟಾಪಿನ ಚೀಲ ಹಾಕಿಕೊಂಡು ಒಬ್ಬರೇ ನನ್ನ ತಮ್ಮನ ಮನೆಗೆ ಬಂದರು. ಮುಖ ಸಣ್ಣದಾಗಿತ್ತು.

ನನ್ನ ತಮ್ಮ ಒಂದೊಂದೇ ಹೆಸರು ಹೇಳುತ್ತ ಹೋದ, ಎಲ್ಲವೂ ಜೋಡಿ ಜೋಡಿ. ಶ್ರೀಮತಿ ಮತ್ತು ಶ್ರೀ, ಶ್ರೀಮತಿ ಮತ್ತು ಶ್ರೀ. ಕೊನೆಗೆ, ಬಂಧುಮಿತ್ರರು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ.

“ಸಿಸ್ಟರ್ ಎಲ್ಲಿ?” ಅಕ್ಕ ಕೇಳಿದ್ದು ಕೇಳಿಸಿತು.

“ಒಳಗಿದ್ದಾಳೆ, ಕರೀಲಾ?”

“ಪತ್ರಿಕೇಲಿ ಎಲ್ಲಿ ಅಂದೆ.”

ತಮ್ಮ ತಡವರಿಸಿದ. “ಅವಳಿಗೆ ಜೋಡಿ ಇಲ್ವಲ್ಲ ಅಕ್ಕ. ಒಂಟಿ ಹೆಸರು ಹಾಕಿದ್ರೆ ಅವಳಿಗೇ ಬೇಜಾರಾಗತ್ತೇನೋ ಅಂತ… ಬಂಧುಮಿತ್ರರಲ್ಲಿ ಅವಳೂ ಬಂದ್ಲಲ್ಲ.”

“ಬಂಧುಮಿತ್ರರು ಹುಡುಗಿಗೆ ಜಡೆ ಹಾಕಿದ್ರಾ?”

ಆಮೇಲೆ ಕೀಲಿಮಣೆಯ ಟಕಟಕ ಸದ್ದು. ಸ್ವಲ್ಪ ಹೊತ್ತಿಗೆ ಅವರು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದರು. ಆ ಮನೆಯಲ್ಲಿ ಹಿರಿಯಳು ನಾನೇ. ಲ್ಯಾಪ್‌ಟಾಪನ್ನು ನನ್ನ ಕೈಗಳ ಮೇಲೆ ಇಟ್ಟು ಮೊದಲಿನಿಂದ ಓದಿದರು. ದನಿ ಒಡೆದಿತ್ತು, ನಡುವೆ ಎರಡು ಕಡೆ ಉಸಿರಿಗೆ ನಿಂತರು. ‘ಸೋದರತ್ತೆ’ ಎಂದು ಓದಿ, ಅದರ ಮುಂದೆ ನನ್ನ ಹೆಸರು ಓದಿದರು. ಜೊತೆಗೆ ಯಾರೂ ಇಲ್ಲದ, ಆ ಇಡೀ ಸಾಲಿನಲ್ಲಿ ನನ್ನದೊಂದೇ ಹೆಸರು. ಡ್ಯೂಟಿ ಪಟ್ಟಿಯಲ್ಲದೆ ಬೇರೆಲ್ಲೂ ನನ್ನ ಹೆಸರನ್ನು ಯಾರಾದರೂ ಗಟ್ಟಿಯಾಗಿ ಓದಿದ್ದು ನನಗೆ ನೆನಪಿಲ್ಲ.

“ಸರಿ ಇದೆಯಾ ಸಿಸ್ಟರ್?”

“ಸರಿ ಇದೆ,” ಎಂದೆ. ಕಾಫಿ ಆರಿಹೋಗಿತ್ತು, ಮತ್ತೆ ಬಿಸಿ ಮಾಡಿದೆ.

ಅವರು ಹೊರಗೆ ಹೋಗಿ ಮಾಡಿದ ಕೊನೆಯ ಕೆಲಸ ಅದು. ಪತ್ರಿಕೆಗಳು ಅಚ್ಚಾಗಿ ಬರುವಷ್ಟರಲ್ಲಿ ಹಾಸಿಗೆ ಹಿಡಿದರು, ಮದುವೆಗೆ ಮುಂಚೆಯೇ ತೀರಿಕೊಂಡರು. ಕಡೆಯ ದಿನಗಳಲ್ಲಿ ನಾನು ರಜೆ ಹಾಕಿ ಹತ್ತಿರ ಇದ್ದೆ. ಎಡಗೈ ಕೊನೆಯವರೆಗೂ ಊದಲಿಲ್ಲ. ಆ ಲ್ಯಾಪ್‌ಟಾಪನ್ನು ಮಾರಲು ಹೋದರೆ ಅಂಗಡಿಯವನು ಹೇಳಿದ ಬೆಲೆ ನಗು ಬರಿಸುವಂತಿತ್ತು ಎಂದು ಅವರ ಅಣ್ಣ ಹೇಳಿದರು. ಮಾರಲಿಲ್ಲ. “ಅಷ್ಟು ದುಡ್ಡು ಕೊಟ್ಟಿದ್ದು ದಂಡವಾಯ್ತೇನೋ ಸಿಸ್ಟರ್,” ಎಂದರು. ಇಲ್ಲ ಎಂದೆ.

ಮದುವೆಯ ದಿನ ನಾನು ಉಗ್ರಾಣದ ಬಾಗಿಲಲ್ಲಿ ನಿಂತು ಹಾಲು, ಎಲೆ ನೋಡಿಕೊಳ್ಳುತ್ತಿದ್ದೆ. ಮದುವೆ ಮನೆಗಳಲ್ಲಿ ನನ್ನ ಜಾಗ ಯಾವಾಗಲೂ ಅದೇ. ಮಂಟಪದ ಹತ್ತಿರ ಬೀಗರ ಕಡೆಯ ಹಿರಿಯರೊಬ್ಬರು ಪತ್ರಿಕೆ ಹಿಡಿದುಕೊಂಡು ಒಬ್ಬೊಬ್ಬರನ್ನೇ ಕರೆದು ತಾಂಬೂಲ ಕೊಡಿಸುತ್ತಿದ್ದರು. ಜೋಡಿಗಳು ಹೋಗಿ ಬಂದವು. ಅವರು ಕನ್ನಡಕ ಸರಿಮಾಡಿಕೊಂಡು ಮುಂದಿನ ಸಾಲು ನೋಡಿದರು.

“ಸೋದರತ್ತೆ ಯಾರಮ್ಮಾ? ಎಲ್ಲಿದ್ದಾರೆ? ಕರೀರಿ,” ಎಂದು ನನ್ನ ಹೆಸರನ್ನು ಇಡೀ ಛತ್ರಕ್ಕೆ ಕೇಳಿಸುವಂತೆ ಓದಿದರು.

ಉಗ್ರಾಣದ ಬೀಗದ ಕೈಯನ್ನು ಅಡುಗೆಯವರಿಗೆ ಕೊಟ್ಟು, ಕೈ ತೊಳೆದುಕೊಂಡು, ನಾನು ಮಂಟಪದ ಕಡೆಗೆ ನಡೆದೆ.