ಅಣ್ಣನ ಕಾಲ್ಬೆರಳುಗಳು

ಐದನೆಯ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಬರೆದು ರೂಢಿಯಿಲ್ಲ. ಆದರೆ ಈ ವಿಷಯವನ್ನು ಬಾಯಲ್ಲಿ ಹೇಳಲು ಕೂತಾಗಲೆಲ್ಲ ಅರ್ಧದಲ್ಲೇ ಎದ್ದು ಅಂಗಳಕ್ಕೆ ಹೋಗಿಬಿಡುತ್ತೇನೆ.

ಅರುವತ್ತರ ದಶಕ ಶುರುವಾಗಿತ್ತಷ್ಟೆ. ನಮ್ಮ ಮನೆ ಉರ್ವದಲ್ಲಿ. ನಾನು ದೋಣಿಯಲ್ಲಿ ಹೊಳೆಯ ಮರಳು ತಂದು ಮಾರುತ್ತಿದ್ದೆ. ಅಣ್ಣ ಗುಡ್ಡದ ಮೇಲಿನ ಕ್ಲಬ್ಬಿನ ಗಾಲ್ಫ್ ಮೈದಾನದಲ್ಲಿ ಆಗೇವಾಲಾ. ಆಡುವವರಿಗಿಂತ ಮುಂದೆ ಹೋಗಿ, ಚೆಂಡು ಬಿದ್ದ ಜಾಗ ನೋಡಿ, ಅದರ ಪಕ್ಕ ನಿಲ್ಲುವುದು ಅವನ ಕೆಲಸ. ಆ ಮೈದಾನದಲ್ಲಿ ಹುಲ್ಲಿಗಿಂತ ಮುರಕಲ್ಲೇ ಹೆಚ್ಚು. ಚೆಂಡು ಬೀಳಿಸುವ ಗುಳಿಗಳ ಸುತ್ತ ಹುಲ್ಲಿನ ಬದಲು ಎಣ್ಣೆ ಕಲಸಿದ ಮರಳು ಹಾಸುತ್ತಿದ್ದರು. ಆ ಮರಳಿಗೆ ನನ್ನನ್ನು ಕರೆಸಿದವನು ಅಣ್ಣನೇ. ತಮ್ಮ ಎಂದು ಮಾತ್ರ ಹೇಳಿರಲಿಲ್ಲ.

"ಕೆಲಸದವನ ತಮ್ಮ ಅಂದ್ರೆ ಮೆಟ್ಟಿಲು ಹತ್ತಿಸುದಿಲ್ಲ ಮಾರಾಯ. ನೀನು ವ್ಯಾಪಾರಿಯ ಹಾಗೆ ಹೋಗು. ನನ್ನನ್ನು ನೋಡಿ ಹಲ್ಲು ಬಿಡ್ಬೇಡ."

ಹೋದೆ. ಸೆಕ್ರೆಟರಿ ಜಗಲಿಯಲ್ಲಿ ಬೆತ್ತದ ಕುರ್ಚಿ ಕೊಟ್ಟರು, ಪಿಂಗಾಣಿ ಕಪ್ಪಿನಲ್ಲಿ ಚಹಾ ಬಂತು. ಪಕ್ಕದಲ್ಲಿ ಇಬ್ಬರು ಮೆಂಬರರು. ನನಗೆ ಕಾಲನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ. ಕುರ್ಚಿಯ ಕೆಳಗೆ ಎಳೆದುಕೊಂಡೆ, ಮತ್ತೆ ಮುಂದೆ ಚಾಚಿದೆ.

ಅಷ್ಟರಲ್ಲಿ ಕೆಳಗೆ ಮೈದಾನದಲ್ಲಿ ಒಬ್ಬ ಕಾಫಿ ತೋಟದ ಧಣಿ ಹೊಡೆದ ಚೆಂಡು ಮುರಕಲ್ಲಿನ ಸಂದಿಗೆ ಬಿತ್ತು. ಎಲ್ಲರೂ ನೋಡಿದೆವು. ಅಣ್ಣ ಅದರ ಹತ್ತಿರ ಹೋಗಿ, ಹುಬ್ಬಿಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದ. ಧಣಿ ತಲುಪುವಾಗ ಚೆಂಡು ಸಮತಟ್ಟು ನೆಲದಲ್ಲಿತ್ತು.

"ಇವರ ಚೆಂಡಿಗೆ ಕಾಲು ಉಂಟಾ ಎಂತದು!" ಎಂದರು ಒಬ್ಬರು. ಎಲ್ಲರೂ ನಕ್ಕರು. ಆ ನಗುವಿನಲ್ಲಿ ನನಗೂ ಸೇರಬೇಕೆನಿಸಿತು.

"ಚೆಂಡಿಗಲ್ಲ ಸಾರ್, ಅವನ ಕಾಲು. ಹೊಳೆಯ ಕೆಸರಲ್ಲಿ ಕಾಲ್ಬೆರಳಲ್ಲೇ ಮರುವಾಯಿ ಚಿಪ್ಪು ಹೆಕ್ಕುವವ. ಈ ಚೆಂಡು ಅವನಿಗೆ ಎಂತ ದೊಡ್ಡದು?" ಎಂದೆ.

ಯಾರೂ ನಗಲಿಲ್ಲ. ಆ ಮೈದಾನದಲ್ಲಿ ಎಲ್ಲ ಧಣಿಗಳ ಚೆಂಡೂ ಹಾಗೆಯೇ ಸರಿಯುತ್ತಿತ್ತಂತೆ. ಅದು ಎಲ್ಲರಿಗೂ ಗೊತ್ತು. ತಮಾಷೆ ಮಾಡಬಹುದು, ಬಿಡಿಸಿ ಹೇಳಬಾರದು. ಹೇಳಿದರೆ ಯಾರನ್ನಾದರೂ ಶಿಕ್ಷಿಸಲೇಬೇಕು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಸೆಕ್ರೆಟರಿ ಕಪ್ಪು ಕೆಳಗಿಟ್ಟರು. "ನಿಮಗೆ ಅವನ ಪರಿಚಯ ಉಂಟಾ?"

"ನಮ್ಮ ಕಡೆಯವ" ಎಂದೆ.

ಕಾಫಿ ಧಣಿಯನ್ನು ಕರೆಸಿ ಕೇಳಿದರು. "ಛೆ, ನನಗೆ ಗೊತ್ತೇ ಇಲ್ಲ. ಕಳ್ಳ!" ಎಂದರು ಅವರು. ಹಿಂದೊಮ್ಮೆ ಚೆಂಡು ಸರಿಸಿದ ಖುಷಿಗೆ ಅವರೇ ಕೊಟ್ಟಿದ್ದ ಹಳೆಯ ಅಂಗಿ ಆಗ ಅಣ್ಣನ ಮೈಮೇಲಿತ್ತು. ಅವನು ಮೆಟ್ಟಿಲಿನ ಕೆಳಗೆ ನಿಂತಿದ್ದ, ನನ್ನ ಕಡೆ ನೋಡಲಿಲ್ಲ. ಇವನು ನನ್ನ ಅಣ್ಣ, ಧಣಿ ಹೇಳಿದ್ದನ್ನೇ ಮಾಡಿದ್ದಾನೆ ಎಂದು ನಾನು ಹೇಳಬಹುದಿತ್ತು. ಕೈಯಲ್ಲಿ ಕಪ್ಪಿತ್ತು. ಉಳಿದ ಚಹಾ ಕುಡಿದೆ.

ಅಂದೇ ಅವನ ಕೆಲಸ ಹೋಯಿತು. ಸಂಜೆ ಮನೆಯಲ್ಲಿ ಕೇಳಿದ, "ಯಾರೋ ಬಾಯಿ ಬಿಟ್ಟಿದ್ದಾರೆ. ನೀನು ಮೇಲೆ ಇದ್ದೆಯಲ್ಲ, ಯಾರು?"

"ಗೊತ್ತಿಲ್ಲ."

"ಹೋಗ್ಲಿ. ನಿನ್ನ ಆರ್ಡರ್ ಉಂಟಲ್ಲ?"

"ಉಂಟು."

"ಮತ್ತೆಂತ! ಮರಳು ಎರಡು ಸಲ ಸಾಣಿಸು. ಕಲ್ಲು ಸಿಕ್ಕಿದ್ರೆ ಬಯ್ತಾರೆ."

ಅವನು ಮತ್ತೆ ಹೊಳೆಗಿಳಿದ. ಮರುವಾಯಿ ಹೆಕ್ಕಿ ಉರ್ವದ ಮಾರ್ಕೆಟಿನಲ್ಲಿ ಬುಟ್ಟಿ ಇಟ್ಟು ಕೂತ. ನಾನು ಎಷ್ಟೋ ವರ್ಷ ಆ ಕ್ಲಬ್ಬಿಗೆ ಮರಳು ಹಾಕಿದೆ. ಸಾಣಿಸಲು ಅವನೇ ಬರುತ್ತಿದ್ದ. ನನ್ನ ಮಾತಿನ ಮೇಲೆ ಅವನಿಗೆ ಒಂದು ದಿನವೂ ಸಂಶಯ ಬರಲಿಲ್ಲ.

ಈಗ ಬರೆದಾಯಿತು. ಅಣ್ಣನಿಗೆ ಓದಲು ಬರುವುದಿಲ್ಲ, ನಾನೇ ಓದಿ ಹೇಳಬೇಕು. ಬೆಳಗ್ಗಿನಿಂದ ಮೂರು ಸಲ ಅವನ ಮನೆಯ ಗೇಟಿನ ತನಕ ಹೋಗಿ ಬಂದಿದ್ದೇನೆ.