ಎಲ್ಲೂ ಕೂರದ ಮಿಲಿಟರಿ

ಅವನ ಚಪ್ಪಲಿಗಳು ಮುಂಭಾಗದಲ್ಲಿ ಮಾತ್ರ ಸವೆಯುತ್ತಿದ್ದವು, ಹಿಮ್ಮಡಿಯ ಕಡೆ ಹೊಸದಾಗೇ ಇರುತ್ತಿದ್ದವು. ನಿಂತಾಗಲೂ ಪುಣ್ಯಾತ್ಮ ಹಿಮ್ಮಡಿಯನ್ನು ನೆಲಕ್ಕೆ ಊರುತ್ತಿರಲಿಲ್ಲ. ಯಾರೋ ಕರೆದರೆ ಓಡಲು ಸಿದ್ಧ ಎಂಬಂತೆ ಬೆರಳ ಮೇಲೇ ನಿಲ್ಲುತ್ತಿದ್ದ. ಕೊಟ್ಟೂರಿನ ನಮ್ಮ ಓಣಿಯಿಂದ ಸೈನ್ಯಕ್ಕೆ ಹೋದ ಮೊದಲಿಗನಾದ್ದರಿಂದ ಎಲ್ಲರ ಬಾಯಲ್ಲೂ ಅವನು ‘ಮಿಲಿಟರಿ’. ಅದಕ್ಕೂ ಮುಂಚೆ ‘ಕಾಲು ಸುಟ್ಟ ಬೆಕ್ಕು’ ಎಂದು ಕರೆಯುತ್ತಿದ್ದೆವು.

ಊಟವೂ ನಿಂತೇ. ಕೈಯಲ್ಲಿ ರೊಟ್ಟಿ, ರೊಟ್ಟಿಯ ಮೇಲೆ ಪುಂಡಿಪಲ್ಯ, ಕಾಲು ಬೀದಿಯಲ್ಲಿ. ಅವರವ್ವ ಮಣೆ ಹಾಕಿ ಕಾದು ಕಾದು ಸಾಕಾಗಿ ಕೂಗುತ್ತಿದ್ದಳು: “ಒಂದ್ಕಡಿ ಕುಂದ್ರಲೇ! ಕುಂತ್ರ ನೆಲ ಕಚ್ಚತೈತೇನು?”

“ಕುಂದ್ರಾಕ ಬೇಕಾದಷ್ಟು ಟೈಮ್ ಐತಿ ಬಿಡಬೇ,” ಎನ್ನುವಷ್ಟರಲ್ಲಿ ಅವನು ಓಣಿಯ ಕೊನೆ ಮುಟ್ಟಿರುತ್ತಿದ್ದ.

ಒಮ್ಮೆ ರಜೆಗೆ ಬಂದಾಗ ಹರಪನಹಳ್ಳಿಗೆ ಹೆಣ್ಣು ನೋಡಲು ಹೋದೆವು. ಅವನು, ಅವರವ್ವ, ಜೊತೆಗೆ ನಾನು. ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬಂದ. ಇಳಿದವನೇ ಪೌಡರ್ ಡಬ್ಬಿ ತೆಗೆದು ಮುಖಕ್ಕೆ ಎಷ್ಟು ಬಡಿದುಕೊಂಡನೆಂದರೆ, ನೇರ ಹಿಟ್ಟಿನ ಗಿರಣಿಯಿಂದ ಬಂದವನಂತೆ ಕಂಡ. ಹೆಣ್ಣಿನ ಮನೆಯಲ್ಲಿ ಜಮಖಾನ ಹಾಸಿದ್ದರು. ಹುಡುಗಿ ಉಪ್ಪಿಟ್ಟು ತರುವುದರೊಳಗೆ ಇವನು ಎದ್ದು, ಹಿತ್ತಲಿಗೆ ಹೋಗಿ, ಅವರ ಬಾವಿಯ ರಾಟೆಗೆ ಎಣ್ಣೆ ಬಿಟ್ಟು ಬಂದಿದ್ದ. ಹುಡುಗಿಯ ಅಜ್ಜ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದ: “ಹುಡುಗಗ ಮೂಲವ್ಯಾಧಿ ಐತೇನ್ರಿ?”

ಸಂಬಂಧ ಅಲ್ಲಿಗೇ ಮುರಿಯಿತು. ಮಿಲಿಟರಿ ವಾಪಸು ಬರುವಾಗ ದಾರಿಯುದ್ದಕ್ಕೂ ಅದನ್ನೇ ಹೇಳಿ ಹೇಳಿ ನಕ್ಕ, ನಿಂತುಕೊಂಡೇ.

ಆಮೇಲೆ ಅವನನ್ನು ಶ್ರೀಲಂಕಾಕ್ಕೆ ಕಳಿಸಿದರು. ತೊಂಬತ್ತರ ಆರಂಭದಲ್ಲಿ, ನಮ್ಮ ಸೈನ್ಯ ಅಲ್ಲಿಂದ ಮರಳುವ ಕೊನೆಯ ದಿನಗಳಲ್ಲಿ, ಅವನು ಸತ್ತ ಸುದ್ದಿ ಬಂತು. ಹೆಣ ತರಲಾಗಲಿಲ್ಲ, ಅಲ್ಲೇ ಮಣ್ಣು ಮಾಡಿದ್ದಾರೆ ಎಂದರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ; ವಿಭೂತಿ ಹಚ್ಚಿ, ಕುಣಿಯಲ್ಲಿ ಚಕ್ಕಳಮಕ್ಕಳ ಹಾಕಿಸಿ, ಕೂರಿಸಿ ಮಣ್ಣು ಕೊಡುತ್ತಾರೆ. ಅವರವ್ವನ ಅಳು ನಿಂತ ಮೇಲೂ ಒಂದು ಪ್ರಶ್ನೆ ನಿಲ್ಲಲಿಲ್ಲ. ಮಾತಾಡಿಸಲು ಹೋದವರನ್ನೆಲ್ಲ ಕೇಳುತ್ತಿದ್ದಳು: “ಕುಂದ್ರಿಸ್ಯಾರೋ, ಮಲಗಿಸ್ಯಾರೋ?” ಯಾರಿಗೆ ಗೊತ್ತು? ಕ್ರಮೇಣ ತಾನೂ ಕೂತು ಉಣ್ಣುವುದನ್ನು ಬಿಟ್ಟಳು. ಒಲೆಯ ಮುಂದೆ ನಿಂತೇ ಎರಡು ತುತ್ತು ನುಂಗುತ್ತಿದ್ದಳು. ಅದನ್ನು ನೋಡುವುದು ನನಗೆ ಅವನ ಸಾವಿಗಿಂತ ಕಷ್ಟವಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ, ಅವನ ಜೊತೆಗಿದ್ದ ಬೆಳಗಾವಿ ಕಡೆಯ ಸಿಪಾಯಿಯೊಬ್ಬ ಮನೆ ಹುಡುಕಿಕೊಂಡು ಬಂದ. ಹೊಸ್ತಿಲು ದಾಟುವ ಮೊದಲೇ ಅವ್ವ ಅದೇ ಪ್ರಶ್ನೆ ಕೇಳಿದಳು.

“ಕುಂಡ್ರಿಸೇವ್ರಿ ಅವ್ವಾರ,” ಎಂದ. ಹಿಂದೊಮ್ಮೆ ಕಂದಕ ತೋಡುವಾಗ ಮಿಲಿಟರಿ ತಾನೇ ಅದರೊಳಗೆ ಇಳಿದು, ಚಕ್ಕಳಮಕ್ಕಳ ಹಾಕಿ, ಕಣ್ಣು ಮುಚ್ಚಿ ಎಲ್ಲರಿಗೂ ತೋರಿಸಿದ್ದನಂತೆ. “‘ನಮ್ಮನ್ನ ಹಿಂಗ ಕುಂದ್ರಿಸಬೇಕು ನೋಡ್ರಲೇ, ಮಲಗಿಸಿದ್ರ ಎದ್ದು ಬರ್ತೀನಿ’ ಅಂದಿದ್ದ. ಅವತ್ತು ನಕ್ಕಿದ್ವಿರಿ. ಆಮ್ಯಾಲೆ ಹಂಗ ಮಾಡಿದ್ವಿ. ಮುಖ ಯಾವ ದಿಕ್ಕಿಗೆ ಅಂತ ಗೊತ್ತಾಗಲಿಲ್ಲ, ಊರ ಕಡೆ ಮಾಡಿದ್ವಿ. ಆದ್ರ…” ತಲೆ ತಗ್ಗಿಸಿದ. “ವಿಭೂತಿ ಸಿಗಲಿಲ್ರಿ. ಅವನ ಪೆಟ್ಟಿಗ್ಯಾಗ ಪೌಡರ್ ಡಬ್ಬಿ ಇತ್ತು. ಅದನ್ನ ಹಚ್ಚಿದ್ವಿ.”

ಅವ್ವ ನನ್ನ ಮುಖ ನೋಡಿದಳು. ಇಬ್ಬರಿಗೂ ಒಟ್ಟಿಗೇ ಹರಪನಹಳ್ಳಿ ನೆನಪಾಯಿತು. ಮೊದಲು ನಕ್ಕವಳು ಅವಳೇ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಕಣ್ಣಲ್ಲಿ ನೀರು ಇಳಿಯುವ ತನಕ ನಕ್ಕಳು.

“ಅಂತೂ ಒಂದ್ಕಡಿ ಕುಂತ ನನ್ನ ಮಗ,” ಎಂದಳು.

ಆಮೇಲೆ ಗೋಡೆಗೆ ಒರಗಿಸಿದ್ದ ಮಣೆಗಳನ್ನು ತಂದು ಹಾಕಿದಳು. ಒಂದು ಸಿಪಾಯಿಗೆ, ಒಂದು ನನಗೆ, ಇನ್ನೊಂದು ತನಗೆ. ಎಷ್ಟೋ ತಿಂಗಳ ಮೇಲೆ ಅವಳು ಕೂತು ರೊಟ್ಟಿ ಮುರಿದಳು.