ಮಂಜಿನಲ್ಲಿ ದೋಣಿ ಕರೆದವಳು

ಬಂದರಿನಲ್ಲಿ ಮೀನು ಹರಾಜು ಕೂಗುವ ಆ ಹೆಂಗಸಿನ ಗಂಟಲಿಗೆ ಸತ್ತ ಮೀನೂ ಬೆಚ್ಚಿಬೀಳಬೇಕು. ಗಂಡ ತೀರಿಕೊಂಡ ಮೇಲೆ ಬುಟ್ಟಿ ಹೊತ್ತು, ದೋಣಿ ಕಟ್ಟುವ ದಕ್ಕೆಗೆ ಇಳಿದವಳು, ಒಬ್ಬನೇ ಮಗನನ್ನು ಆ ಗಂಟಲಿನಿಂದಲೇ ಸಾಕಿದ್ದಳು. ಮನೆಯಲ್ಲೂ ಅದೇ ದನಿ. ಅವಳು ಉಪ್ಪು ಕೇಳಿದರೆ ಓಣಿಗೆಲ್ಲ ಸಾರಿಗೆ ಉಪ್ಪು ಕಡಿಮೆಯೆಂದು ಗೊತ್ತಾಗುತ್ತಿತ್ತು. ಹೊಸದಾಗಿ ಬಂದ ಸೊಸೆಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ, ದೋಣಿಗಳು ಮರಳುವ ಹೊತ್ತಿಗೆ, ಮಂಜು ಕವಿಯಿತು. ಚಾಚಿದ ಕೈ ಕಾಣದು. ದೀಪಸ್ತಂಭ ಇದ್ದೂ ಇಲ್ಲದಂತಾಯಿತು. ಬಂದರಿನ ಬಾಯಿಯಲ್ಲಿ ಎರಡು ಬಂಡೆ, ನಡುವೆ ಒಂದೇ ದೋಣಿಗೆ ದಾರಿ. ಮಗನೂ ಸೇರಿ ಊರಿನ ಗಂಡಸರೆಲ್ಲ ಆಚೆಗೇ ಇದ್ದರು.

ಅತ್ತೆ ಶಾಲು ಬಿಗಿದುಕೊಂಡು, ಆ ದಾರಿಗೆ ನೇರ ಎದುರಿದ್ದ ಕಲ್ಲುಕಟ್ಟೆಯ ತುದಿಗೆ ನಡೆದಳು. ಎಲ್ಲಿ ಜಾರಿಬೀಳುತ್ತಾಳೋ ಎಂದು ಸೊಸೆ ಹಿಂದಿನಿಂದ ಅವಳನ್ನು ತಬ್ಬಿ ಹಿಡಿದಳು.

"ಲೋ ಸೊಟ್ಟಮೂಗಾ! ಎಲ್ಲಿದೀಯೋ?"

ಕೂಗಿ, ಕಿವಿಗೊಟ್ಟಳು. ಎಡಗಡೆಯಿಂದ ಕ್ಷೀಣವಾಗಿ "ಓ" ಎಂದು ಕೇಳಿಸಿತು.

"ಅಲ್ಲಿ ಬಂಡೆ ಇದೆ ಕತ್ತೆ! ಮೂಗು ಸೊಟ್ಟ ಇದ್ರೂ ದೋಣಿ ನೆಟ್ಟಗೆ ತಾರೋ! ನನ್ನ ದನಿ ಹಿಡ್ಕೊಂಡು ಬಾ!"

ಮಂಜು ಸೀಳಿಕೊಂಡು ಮೊದಲ ದೋಣಿ ಬಂತು. ಆಮೇಲೆ ಇನ್ನೊಂದು. ಒಬ್ಬೊಬ್ಬರನ್ನೂ ಅಡ್ಡಹೆಸರು ಹಿಡಿದು, ಹಿಗ್ಗಾಮುಗ್ಗಾ ಬೈದು, ಒಳಗೆ ಕರೆದುಕೊಂಡಳು. ಸೊಸೆಯ ಅಂಗೈಗಳ ಕೆಳಗೆ ಆ ಬಡಕಲು ಪಕ್ಕೆಲುಬುಗಳು ನಗಾರಿಯಂತೆ ಅದುರುತ್ತಿದ್ದವು. ಇಷ್ಟು ಸಣ್ಣ ಮೈಯಲ್ಲಿ ಇಷ್ಟು ದೊಡ್ಡದು ಎಲ್ಲಿ ಅಡಗಿತ್ತೋ! ಸೊಸೆ ತಬ್ಬಿದ ಹಿಡಿತವನ್ನು ಇನ್ನಷ್ಟು ಬಿಗಿಮಾಡಿದಳು.

ಮಗನ ದೋಣಿಯೊಂದೇ ಉಳಿಯಿತು. ಅಷ್ಟರಲ್ಲಿ ಅತ್ತೆಯ ಗಂಟಲು ಒಡೆದಿತ್ತು.

"ಅತ್ತೆ, ಸಾಕು, ರಕ್ತ ಬಂದೀತು," ಎಂದು ಸೊಸೆ ಅತ್ತಳು.

"ಸುಮ್ನಿರು ಮಗಳೇ, ಕೇಳಿಸ್ಕೊಳ್ಳೋಕೆ ಬಿಡು."

ಮತ್ತೆ ಕೂಗಿದಳು. ಹರಿದ ಬಟ್ಟೆಯಂಥ ದನಿ. ಉತ್ತರವಿಲ್ಲ. ಮತ್ತೆ ಕೂಗಿದಳು. ಕೊನೆಗೆ ಬಿಳುಪಿನೊಳಗಿಂದ ಹುಟ್ಟು ಹಾಕುವ ಸದ್ದು, ಹಿಂದೆಯೇ ಮಾತು:

"ಬರ್ತಾ ಇದೀನಮ್ಮಾ, ಬೈಬೇಡ!"

ಅವಳು ಅಲ್ಲೇ ಕುಸಿದು ಕೂತಳು. ಮಗನ ದೋಣಿ ದಕ್ಕೆ ಸೇರಿದ ಮೇಲೆ, ಸೊಸೆ ತಂದ ಬಿಸಿನೀರು ಕುಡಿದು ಎದ್ದವಳೇ, ಎಂದಿನಂತೆ ಬುಟ್ಟಿಗಳ ನಡುವೆ ಹೋಗಿ ನಿಂತಳು. ಬಾಯಿ ತೆರೆದರೆ ಬರೀ ಗಾಳಿ.

ಕೊಳ್ಳುವವರು ಮಾತು ನಿಲ್ಲಿಸಿದರು. ಗಾಡಿಯವರು ಗಾಡಿ ನಿಲ್ಲಿಸಿದರು. ಸದಾ ಗಿಜಿಗುಡುತ್ತಿದ್ದ ದಕ್ಕೆಯಲ್ಲಿ ಕಂಬಗಳಿಗೆ ನೀರು ತಾಕುವುದು ಕೇಳಿಸಿತು. ಅವಳು ಪಿಸುಗುಟ್ಟಿಯೇ ಹರಾಜು ನಡೆಸಿದಳು. ಕಟ್ಟಕಡೆಗೆ ನಿಂತವನಿಗೂ ಅದು ಸ್ಪಷ್ಟವಾಗಿ ಕೇಳಿಸುತ್ತಿತ್ತು.